ಬುಟ್ಟಿಯೊಳಗಿನ ಫೋನುಗಳು

ಮಹಾನಂದಾ ಮಾಳಿಗೆಯ ಮೆಟ್ಟಿಲು ಹತ್ತುವಾಗಲೇ ಕೈಯಲ್ಲಿದ್ದ ಫೋನು ನಡುಗಿತು. ಅದೇ ಗುರುತಿಲ್ಲದ ನಂಬರು.

‘ಇವತ್ತ ಸ್ಟೇಜ್ ಮ್ಯಾಲ ಹೇಳಬೇಕು, ಸ್ಪರ್ಧಾ ಬಿಟ್ಟೇನಿ, ಬಳಗಾನೂ ಬಿಟ್ಟೇನಿ ಅಂತ. ಫೋನ್ ಕಣ್ಣ ಮುಂದ ಇಟ್ಕೊಂಡು ಮಾತಾಡು. ಹೇಳಲಿಲ್ಲಂದ್ರ ಫೋಟೊ ನಿಮ್ಮಣ್ಣಗ ಹೋಗ್ತದ.’

ಫೋಟೊದಲ್ಲಿ ಇದ್ದದ್ದು ಅವಳ ಮುಖ, ಯಾರದೋ ಮೈ. ಅಪ್ಪಟ ಸುಳ್ಳು. ಆದರೆ ಕೆಂಭಾವಿಯ ಮನೆಯಲ್ಲಿರುವ ಅಣ್ಣ ಭೀಮು ಸುಳ್ಳೋ ನಿಜವೋ ಎಂದು ವಿಚಾರಿಸುವ ಪೈಕಿಯವನಲ್ಲ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಸುರಪುರದ ಆನ್‌ಲೈನ್ ಸೆಂಟರಿನ ಕೆಲಸ ಬಂದ್, ಶನಿವಾರ ಸಂಜೆ ಭಾಷಣ ಕಲಿಯುವ ಈ ಮಾತಿನ ಬಳಗ ಬಂದ್, ಹೊಸ್ತಿಲು ದಾಟುವುದೂ ಬಂದ್. ಪೊಲೀಸರ ಹತ್ತಿರ ಹೋದರೆ ಅವರು ಮೊದಲು ಕರೆಸುವುದು ಮನೆಯವರನ್ನೇ.

ಇನ್ನು ಅವನು ಹೇಳಿದಂತೆ ಹೇಳಿದರೋ, ಬರುವ ಭಾನುವಾರದ ಕಲಬುರಗಿಯ ಭಾಷಣ ಸ್ಪರ್ಧೆ ಕೈತಪ್ಪುತ್ತದೆ. ಅಲ್ಲಿ ಗೆದ್ದವರಿಗೆ ಖಾಸಗಿ ರೇಡಿಯೊದಲ್ಲಿ ನಿರೂಪಣೆಯ ಕೆಲಸ. ಬಳಗದಿಂದ ಹೋಗಲು ಇದ್ದದ್ದು ಒಂದೇ ಸ್ಥಾನ, ಅದು ಅವಳಿಗೆ ಸಿಕ್ಕಿತ್ತು. ಸಿಕ್ಕ ಮರುದಿನದಿಂದಲೇ ಈ ಕಾಟ. ಇಪ್ಪತ್ತು ದಿನವಾಯಿತು.

ಬಾಗಿಲಲ್ಲಿ ಬಳಗದ ಉಸ್ತುವಾರಿ ನೋಡುವ ಏಜಾಜ ಬೆತ್ತದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಒಳಗೆ ಬರುವವರ ಫೋನೆಲ್ಲ ಬುಟ್ಟಿಗೆ ಹಾಕಬೇಕೆಂಬುದು ಬಳಗದ ನಿಯಮ. ಯಾರಾದರೂ ಮಾತಾಡುವಾಗ ಫೋನು ಬಡಿದುಕೊಂಡರೆ ಏಜಾಜನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಭಾಷಣ ಇದರಾಗೇ ಬರ್ಕೊಂಡೀನ್ರಿ, ಏಜಾಜ ಭಾಯ್,” ಎಂದಳು ಫೋನು ತೋರಿಸಿ.

“ಆಯ್ತಮ್ಮ, ಇಟ್ಕೊ. ಸೌಂಡ್ ಬಂದ್ ಮಾಡು.”

ಒಳಗೆ ಕಾಲಿಡುತ್ತಲೇ ವಿಶ್ವರಾಧ್ಯ ಎದ್ದು ಬಂದ. ಆಯ್ಕೆಯ ದಿನ ಎರಡನೆಯವನಾಗಿದ್ದರೂ ಅವಳಿಗೆ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ಪ್ರತಿ ಶನಿವಾರ ಅವಳನ್ನು ಕೆಂಭಾವಿಯ ಬಸ್ಸು ಹತ್ತಿಸಿಯೇ ತನ್ನ ಮನೆಗೆ ಹೋಗುತ್ತಿದ್ದ. ಹೋದ ವಾರ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಅವನೊಬ್ಬನ ಮುಂದೆ ಎಲ್ಲ ಹೇಳಿಕೊಂಡು ಅತ್ತಿದ್ದಳು.

“ಮಾರಿ ಯಾಕ ಸಪ್ಪಗಾಗ್ಯಾದ ತಂಗಿ? ಮತ್ತ ಬಂತೇನು?”

ಅವಳು ಹೌದೆಂದು ತಲೆಯಾಡಿಸಿದಳು.

“ಹೇಳಿಬಿಡು. ಸ್ಪರ್ಧಾ ಹೋದ್ರ ಹೋಗ್ಲಿ, ಮರ್ಯಾದಿ ದೊಡ್ಡದು. ನಾ ಹಿಂದೇ ಇರ್ತೀನಿ. ನನ್ನ ನೋಡ್ಕೋತ ಮಾತಾಡು.”

ಅಂದು ಸಮಯ ನೋಡುವ ಪಾಳಿ ಅವನದು. ಗೋಡೆಯ ಗಡಿಯಾರ ನಿಂತು ಆರು ತಿಂಗಳಾಗಿತ್ತು. ಹಾಗಾಗಿ ಪಾಳಿಯವರು ತಮ್ಮ ಫೋನಿನಲ್ಲೇ ನಿಮಿಷ ನೋಡುತ್ತ, ಸಭಿಕರ ಬೆನ್ನ ಹಿಂದೆ ನಿಂತು, ಮಾತಾಡುವವರಿಗೆ ಸದ್ದಿಲ್ಲದೆ ಕಾರ್ಡು ತೋರಿಸುವುದು ರೂಢಿ. ನಾಲ್ಕು ನಿಮಿಷಕ್ಕೆ ಹಳದಿ, ಐದಕ್ಕೆ ಕೆಂಪು.

ಎಲ್ಲರಿಗಿಂತ ಕೊನೆಗೆ ಬಂದವರು ಬಸವಂತ್ರಾಯರು. ನಿವೃತ್ತ ಹೆಡ್‌ಮಾಸ್ತರರು. “ಹೆಣ್ಮಕ್ಕಳು ಕಲಬುರಗಿ ತನಕ ಯಾಕ ಹೋಗಬೇಕು?” ಎಂದು ಆಯ್ಕೆಯ ದಿನ ತಕರಾರು ತೆಗೆದಿದ್ದವರು. ಮೆಟ್ಟಿಲ ಮೇಲೆಯೇ ನಿಂತು ಒಂದೇ ಬೆರಳಿನಲ್ಲಿ ಫೋನು ಕುಟ್ಟಿ ಮುಗಿಸಿ, ಒಲ್ಲದ ಮನಸ್ಸಿನಿಂದ ಬುಟ್ಟಿಗೆ ಹಾಕಿದರು.

“ಇವತ್ತ ನೀ ಏನ್ ಹೇಳ್ತಿ ಅಂತ ಕೇಳಾಕ ಬಂದೀನವ್ವಾ,” ಎಂದರು ಅವಳತ್ತ ನೋಡಿ.

ಮೆಸೇಜು ಕಳಿಸುವವರು ಯಾರೆಂದು ಮಹಾನಂದಾಗೆ ಹೊಳೆಯಿತು. ಇವರೇ. ಇನ್ಯಾರಿದ್ದಾರು?

ಮೂರನೆಯ ಸರದಿ ಅವಳದು. ಫೋನನ್ನು ಮೇಜಿನ ಮೇಲಿಟ್ಟು, ಕೆಂಭಾವಿ ಬಸ್ಸಿನ ಕಿಟಕಿ ಸೀಟಿಗಾಗಿ ದಿನಾ ನಡೆಯುವ ಜಗಳವನ್ನು ಹೇಳತೊಡಗಿದಳು. ಜನ ನಕ್ಕರು.

ಪರದೆ ಬೆಳಗಿತು. ‘ಹೇಳು.’

ಅವಳು ಸರಕ್ಕನೆ ಬಸವಂತ್ರಾಯರನ್ನು ನೋಡಿದಳು. ಮುದುಕರು ಎದೆಯ ಮೇಲೆ ಕೈಕಟ್ಟಿ ಕುಳಿತಿದ್ದರು. ಬುಟ್ಟಿ ಏಜಾಜನ ತೊಡೆಯ ಮೇಲೆಯೇ ಇತ್ತು. ಹಾಗಾದರೆ ಇವರಲ್ಲ. ಹೊರಗಿನವನು ಯಾರೋ, ಕಿಟಕಿಯ ಕೆಳಗಿನ ಚಹಾದಂಗಡಿಯಲ್ಲಿ ಕೂತು ಮೈಕಿನ ದನಿ ಕೇಳುತ್ತಿರಬೇಕು. ಗುರುತೇ ಇಲ್ಲದವನ ಕೈಯಿಂದ ತಪ್ಪಿಸಿಕೊಳ್ಳುವುದಾದರೂ ಹೇಗೆ? ಅವಳಿಗೆ ಗೋಳೋ ಎಂದು ಅತ್ತುಬಿಡೋಣವೆನ್ನಿಸಿತು.

ಹಿಂದಿನ ಗೋಡೆಯ ಬಳಿ ಹಳದಿ ಕಾರ್ಡು ಮೇಲೆದ್ದಿತು. ಇನ್ನೊಂದೇ ನಿಮಿಷ.

“ಕೊನೀದಾಗಿ ಒಂದ್ ಮಾತು ಹೇಳೋದದ…” ಎಂದಳು. ಮುಂದಿನ ಮಾತು ನಾಲಿಗೆಯ ಮೇಲೆ ಬಂದು ನಿಂತಿತು. ಸಭೆ ಕಾಯಿತು. ಅವಳು ಮೈಕು ಸರಿಮಾಡಿಕೊಂಡಳು.

ಪರದೆ ಮತ್ತೆ ಬೆಳಗಿತು. ಓದಿದಳು. ನಂಬಲಾಗದೆ ಇನ್ನೊಮ್ಮೆ ಓದಿದಳು. ಹೊಟ್ಟೆಯೊಳಗಿಂದ ಎಂಥದೋ ಸಿಟ್ಟು ಎದ್ದು ಬಂತು. ಫೋಟೊ ಹೋದರೆ ಹೋಗಲಿ, ಅಣ್ಣ ಬಾಗಿಲು ಹಾಕಿದರೆ ಹಾಕಲಿ ಎಂದು ಫೋನನ್ನು ಕೈಗೆತ್ತಿಕೊಂಡಳು.

“ಇಪ್ಪತ್ತ್ ದಿನದಿಂದ ಒಬ್ಬಾಂವ ನಂದೊಂದು ಸುಳ್ಳ ಫೋಟೊ ಮಾಡಿ ಇಟ್ಕೊಂಡು ಹೆದರಸಾಕತ್ತಾನ್ರಿ,” ಎಂದಳು ಮೈಕಿನಲ್ಲಿ. “ಸ್ಪರ್ಧಾ ಬಿಡು ಅಂತಾನ. ಈಗ ಇಲ್ಲಿ ನಿಂತಾಗ ಅವನ ಮೆಸೇಜ್ ಬಂದದ. ಇದ್ದದ್ದು ಇದ್ದಂಗ ಓದ್ತೀನಿ, ಕೇಳ್ರಿ. ‘ಹಳದಿ ಕಾರ್ಡ್ ಬಂದು ಅರ್ಧ ನಿಮಿಷ ಆತು. ಲಗೂನ ಹೇಳಿ ಮುಗಿಸು.’”

“ಹಳದಿ ಕಾರ್ಡಾ? ಯಾವಾಗ ಬಂತು?” ಎಂದು ಬಸವಂತ್ರಾಯರು ಮೊದಲು ಹಿಂದಕ್ಕೆ ಹೊರಳಿದರು. ಏಜಾಜ ಬುಟ್ಟಿ ಕೆಳಗಿಟ್ಟು ಎದ್ದು ನಿಂತ. ಆಮೇಲೆ ಉಳಿದವರ ಕುರ್ಚಿಗಳೂ ಕರಕರ ತಿರುಗಿದವು.

ಗೋಡೆಗೊರಗಿ ನಿಂತಿದ್ದ ವಿಶ್ವರಾಧ್ಯನ ಬಲಗೈಯಲ್ಲಿ ಹಳದಿ ಕಾರ್ಡು ಎತ್ತಿದ್ದು ಎತ್ತಿದಂತೆಯೇ ಇತ್ತು. ಎಡಗೈಯ ಹೆಬ್ಬೆರಳು ಇನ್ನೂ ಫೋನಿನ ಮೇಲೆಯೇ ಇತ್ತು.