ಗಾಜಿನ ಕಪಾಟಿನ ಆಕೃತಿ

ಬೆಳಿಗ್ಗೆ ಹತ್ತೂವರೆಗೆ ಸ್ಟುಡಿಯೊದ ಗಾಜಿನ ಕಪಾಟಿನ ಬೀಗ ತೆಗೆದರು. ನಮ್ಮ ಡಿಸೈನ್ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರದರ್ಶನಕ್ಕೆ ಅವರೇ ಮೊದಲ ವರ್ಷದಲ್ಲಿ ಮಾಡಿದ ಒಂದೇ ಒಂದು ಕೆಲಸ ಇಡುವುದು ಪದ್ಧತಿ. ಈ ಸಲ ಆಯ್ಕೆಯಾದದ್ದು ಆ ಕಪಾಟಿನಲ್ಲೇ ಇದ್ದ, ನನ್ನ ಸಹಪಾಠಿ ಮೇದಿನಿಯ ಪ್ಲಾಸ್ಟರ್ ಆಕೃತಿ. ಅದರ ಬಳುಕು ನನ್ನ ಕೈಗೆ ಬರಲಿಲ್ಲವಲ್ಲ ಎಂದು ನಾಲ್ಕು ವರ್ಷ ಹೊಟ್ಟೆ ಉರಿದುಕೊಂಡಿದ್ದೆ.

“ನಿನ್ನ ಅಕ್ಷರ ಚೆನ್ನಾಗಿದೆ, ಹೆಸರಿನ ಚೀಟಿ ನೀನೇ ಬರಿಯಮ್ಮ,” ಎಂದು ಅಧ್ಯಾಪಕರು ನನಗೆ ಹೇಳಿದರು.

“ಅಯ್ಯೋ, ಅವಳ ಕೈಲಿ ನನ್ನ ಹೆಸರಾ ಸರ್? ಬೇಕಂತ್ಲೇ ತಪ್ಪು ಬರೀತಾಳೆ,” ಎಂದು ಮೇದಿನಿ ನಕ್ಕಳು.

ನಾನೂ ನಕ್ಕೆ. ಧೂಳು ಒರೆಸಲು ಆಕೃತಿಯನ್ನು ಮೊದಲ ಬಾರಿ ಕೈಗೆತ್ತಿಕೊಂಡು ಬುಡಮೇಲು ಮಾಡಿದೆ.

“ಅದನ್ನ ಹಿಡಿಯೋದು ಹಾಗಲ್ಲ ಕಣೇ. ಕೊಡಿಲ್ಲಿ,” ಎಂದಳು ಮೇದಿನಿ. ಈಗ ಅವಳು ನಗುತ್ತಿರಲಿಲ್ಲ.

ನಾನು ಕೊಡಲಿಲ್ಲ. ತಲೆಕೆಳಗಾಗಿ ಹಿಡಿದಾಗ ಗುರುತು ಹತ್ತಿತು. ಬಿರುಕು ಬಿಟ್ಟಿತೆಂದು ಮೊದಲ ಸೆಮಿಸ್ಟರಿನಲ್ಲಿ ನಾನು ಕಸದ ಡ್ರಮ್ಮಿಗೆ ಎಸೆದಿದ್ದ ನನ್ನದೇ ಆಕೃತಿ ಅದು. ಬಿರುಕಿಗೆ ಯಾರೋ ನೀಟಾಗಿ ಪುಟ್ಟಿ ತುಂಬಿದ್ದರು.

“ಚೀಟಿ ಆಯ್ತೇನಮ್ಮ?” ಎಂದು ಅಧ್ಯಾಪಕರು ಕೇಳಿದರು.

ನನ್ನ ಹೆಸರು ಬರೆದು ಅವರ ಕೈಗೆ ಕೊಟ್ಟೆ.