ಇನ್ನೂರ ಹನ್ನೆರಡನೆಯ ಪರೀಕ್ಷೆ

"ನಾನು ಸಹಿ ಹಾಕಲ್ಲ ಸಾಹೇಬ್ರೇ" ಎಂದು ಅಕ್ಕ ಮೂರನೆಯ ಸಲ ಹೇಳಿದಳು.

ಕಚೇರಿಗೆಲ್ಲ ಅವಳು ಅಕ್ಕ. ಸಾಹೇಬರಿಗೆ ಮಾತ್ರ 'ಏನಮ್ಮಾ'. ತಂತ್ರಾಂಶಗಳಲ್ಲಿ ತಪ್ಪು ಹುಡುಕುವುದು ಹನ್ನೊಂದು ವರ್ಷದಿಂದ ಅವಳ ಕಸುಬು.

ಈ ಸಲದ ಪಟ್ಟಿ ಅವಳದಲ್ಲ, ಹೊಸ ಯಂತ್ರದ್ದು. ಉಗ್ರಾಣದ ಬಾಗಿಲಿಗೆಂದು ಮಾಡಿದ ಎಲೆಕ್ಟ್ರಾನಿಕ್ ಬೀಗದ ನಕ್ಷೆಯನ್ನು ಅದಕ್ಕೆ ತೋರಿಸಿದ್ದರು. ನಕ್ಷೆಯೆಂದರೆ ಒಂದಷ್ಟು ಚೌಕ, ಒಂದಷ್ಟು ಬಾಣ. ಯಂತ್ರ ಒಂದೊಂದು ಬಾಣದ ಬೆನ್ನು ಹತ್ತಿ ಹೋಗಿ, ಕಾಫಿ ಆರುವುದರೊಳಗೆ ಇನ್ನೂರ ಹದಿನಾರು ಪರೀಕ್ಷೆಗಳನ್ನು ತಾನೇ ಬರೆದು ಕೊಟ್ಟಿತ್ತು.

ಅದರಲ್ಲಿ ಒಂದಕ್ಕೆ ಸಾಹೇಬರು ಕೆಂಪು ಗೀಟು ಎಳೆದರು. ಇನ್ನೂರ ಹನ್ನೆರಡು: ಬಾಗಿಲು ಮುಚ್ಚಿದೆ, ಬೀಗ ಬಿದ್ದಿದೆ, ಒಳಗೆ ಜನ ಇದ್ದಾರೆ, ಹೊರಗೆ ಯಾರೂ ಇಲ್ಲ.

ಹೊರಗೆ ಯಾರೂ ಇಲ್ಲದ ಮೇಲೆ ಬೀಗ ಹಾಕಿದ್ದು ದೆವ್ವವೇ ಎಂದು ನಕ್ಕರು. ಬಾಗಿಲು ಮುಚ್ಚಿದ ಒಂದು ನಿಮಿಷಕ್ಕೆ ಬೀಗ ತಾನಾಗಿಯೇ ಬೀಳುತ್ತದಲ್ಲ ಎಂದು ಅಕ್ಕ ಬಾಣ ತೋರಿಸಿದಳು. ಯಂತ್ರಕ್ಕಂತೂ ತಲೆಯಿಲ್ಲ, ನಿನಗೂ ಇಲ್ಲವೇ ಎಂದು ಕೇಳಿದರು. ಬೆಳಗಾದರೆ ಗಿರಾಕಿ ಬರುತ್ತಾನೆ. ಪರೀಕ್ಷೆಗಳೆಲ್ಲ ಮುಗಿದಿವೆ ಎಂಬುದರ ಕೆಳಗೆ ಅವಳ ಸಹಿ ಬೇಕು. ಇಲ್ಲವಾದರೆ ಅವಳ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ.

"ಮಗಳು ಇನ್ನೂ ಓದ್ತಿದ್ದಾಳೆ, ನೆನಪಿಟ್ಕೋ."

ಇಷ್ಟನ್ನು ಹೇಳಲೆಂದೇ ಅವರು ಅಕ್ಕ ಪರೀಕ್ಷೆ ನಡೆಸುತ್ತಿದ್ದ ಕೋಣೆಗೆ ಬಂದಿದ್ದರು. ಬಾಗಿಲು ಮುಚ್ಚದಂತೆ ಆನಿಸಿಟ್ಟಿದ್ದ ಕುರ್ಚಿಯನ್ನು ಸರಿಸಿ ಬಾಗಿಲು ಎಳೆದುಕೊಂಡದ್ದೂ ಅವರೇ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬೈಗುಳ ಶುರುವಾಗಿತ್ತು. ನಾಲ್ಕು ಜನರಿಗೆ ಕೇಳುವಂತೆ ಹೆದರಿಸುವವರಲ್ಲ ಸಾಹೇಬರು, ಮರ್ಯಾದಸ್ಥರು.

ಹೇಳಬೇಕಾದ್ದನ್ನು ಹೇಳಿ, ಹೊರಟು, ಬಾಗಿಲ ತನಕ ಹೋದವರು ಅಲ್ಲೇ ಬೆನ್ನು ಹಾಕಿ ಸ್ವಲ್ಪ ಹೊತ್ತು ನಿಂತರು. ತಿರುಗಿದಾಗ ದನಿ ಇಳಿದಿತ್ತು. 'ನೀನು' ಹೋಗಿ 'ನೀವು' ಬಂದಿತ್ತು. ಸಹಿಯ ವಿಷಯ ಬಿಟ್ಟು ಅವಳ ಮಗಳು ಯಾವ ತರಗತಿ ಎಂದು ವಿಚಾರಿಸಿದರು.

ಹೀಗೇ ಕಾಲು ಗಂಟೆ ಹೋಯಿತು. ಸಾಹೇಬರು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಿ ಕಿಸೆಗಿಟ್ಟರು. ಅರ್ಧ ತೋಳಿನ ಅಂಗಿ, ಕೈ ಉಜ್ಜಿಕೊಂಡರು. ಅಕ್ಕ ಸ್ವೆಟರಿನ ತೋಳನ್ನು ಬೆರಳಿನವರೆಗೆ ಎಳೆದುಕೊಂಡಳು. ಅವಳು ಆ ಕೋಣೆಯನ್ನು ಬಲ್ಲವಳು.

"ಅಕ್ಕಾ" ಎಂದರು ಕೊನೆಗೆ. ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ಆ ಪರೀಕ್ಷೇಲಿ ಏನಾಗಬೇಕು ಅಂತ ಬರೆದಿದೆ?"

"ಒಳಗಿನ ಹಸಿರು ಗುಂಡಿ ಒತ್ತಿದ್ರೆ ಬಾಗಿಲು ತೆರ್ಕೋಬೇಕು ಅಂತ."

"ತೆರ್ಕೊಳ್ದೇ ಇದ್ರೆ?"

"ಅದಕ್ಕೆ ನಕ್ಷೇಲಿ ಬಾಣ ಇಲ್ಲ ಸಾಹೇಬ್ರೇ. ರಾತ್ರಿ ಒಂದು ಗಂಟೆಗೆ ಕಾವಲಿನವನು ಸುತ್ತು ಬರ್ತಾನೆ."

ಆ ಬೀಗವನ್ನೇ ಕೂರಿಸಿದ್ದ ಶೈತ್ಯಾಗಾರದ ಉಕ್ಕಿನ ಬಾಗಿಲಿಗೆ ಹೆಗಲು ಕೊಟ್ಟು ಸಾಹೇಬರು ಹಸಿರು ಗುಂಡಿಯನ್ನು ಇಪ್ಪತ್ತನೆಯ ಸಲ ಒತ್ತಿದರು. ಅಕ್ಕ ಕೆಂಪು ಗೀಟಿನ ಪಕ್ಕದಲ್ಲಿ 'ಇಬ್ಬರು ಒಳಗಿದ್ದು ಮಾಡಿ ನೋಡಿದೆವು, ಫೇಲ್' ಎಂದು ಬರೆದು, ಕೆಳಗೆ ಸಹಿ ಹಾಕಿದಳು.