ಆರ್ವೆಲ್ಲಾಳ ಇ-ಫ್ಲಾಟ್

ಎರಡನೇ ಸಲವೂ ಆರ್ವೆಲ್ಲಾ ಸ್ಟೋಕ್ಸಳ ದನಿ ಅದೇ ಜಾಗದಲ್ಲಿ ಒಡೆಯಿತು. ಹಾಡು ರೈಲು ತಪ್ಪಿಸಿಕೊಂಡ ಹೆಂಗಸೊಬ್ಬಳದು. ಕೊನೆಯ ಸಾಲು ಏರುತ್ತಾ ಹೋಗಿ ‘ಮನೆ’ ಎಂಬ ಮಾತಿನ ಮೇಲೆ ನಿಲ್ಲಬೇಕು. ನಿಲ್ಲಲಿಲ್ಲ, ಕೀರಲಾಗಿ ಜಾರಿತು. ಗಾಜಿನ ಆಚೆ ಕುಳಿತಿದ್ದ ರೆಕಾರ್ಡ್ ಕಂಪನಿಯ ಕಾರ್ಮೊಡಿ ಗಡಿಯಾರ ನೋಡಿಕೊಂಡ.

“ಪಿಯಾನೊ ಶ್ರುತಿ ತಪ್ಪಿದೆ,” ಎಂದಳು ಆರ್ವೆಲ್ಲಾ.

“ಬೆಳಿಗ್ಗೆ ತಾನೇ ಸರಿ ಮಾಡಿದ್ದಾರೆ, ಮಿಸ್ ಆರ್ವೆಲ್ಲಾ,” ಎಂದ ವೆಂಡೆಲ್. ಕಂಪನಿಯವರು ಗೊತ್ತುಮಾಡಿದ ಹೊಸ ಪಿಯಾನೊಗಾರ. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ.

“ಹಾಗಾದ್ರೆ ನೀನು ಎತ್ತರಕ್ಕೆ ಹಿಡೀತಿದ್ದೀಯ, ಮಗಾ.”

“ನೀವು ಇ-ಫ್ಲಾಟ್ ಶ್ರುತಿ ಅಂದ್ರಿ. ಅದರಲ್ಲೇ ನುಡಿಸ್ತಿದ್ದೀನಿ.”

ಅಂದದ್ದು ನಿಜ. ಷಿಕಾಗೋದ ದಕ್ಷಿಣ ಭಾಗದ ಕ್ಲಬ್ಬುಗಳಲ್ಲಿ ವೇದಿಕೆ ಹತ್ತಿದ ಹಾಡುಗಾತಿ ತನ್ನ ಶ್ರುತಿ ಯಾವುದೆಂದು ಹೇಳುತ್ತಾಳೆ, ಪಿಯಾನೊದವನು ಮರುಮಾತಾಡದೆ ಹಿಡಿಯುತ್ತಾನೆ. ಹತ್ತೊಂಬತ್ತರ ಹುಡುಗಿಯಾಗಿದ್ದಾಗಿನಿಂದ ಆರ್ವೆಲ್ಲಾ ‘ಇ-ಫ್ಲಾಟ್’ ಎನ್ನುತ್ತಿದ್ದಳು, ತನ್ನ ಹೆಸರು ಹೇಳುವಷ್ಟೇ ಸಲೀಸಾಗಿ. ಈಗ ಐವತ್ತು ದಾಟಿದೆ. ಹೋದ ಶನಿವಾರವೂ ಇದೇ ಹಾಡು ಹಾಡಿದ್ದಳು, ‘ಮನೆ’ ಗಟ್ಟಿಯಾಗಿ ನಿಂತಿತ್ತು, ಜನ ಮೇಜು ಗುದ್ದಿದ್ದರು. ಅಂದ ಮೇಲೆ ತಪ್ಪು ಗಂಟಲಿನದಲ್ಲ. ಬದಲಾದದ್ದು ಒಂದೇ, ಪಿಯಾನೊ ಮುಂದೆ ಲಿಯಾಂಡರ್ ಇಲ್ಲ.

ಇಪ್ಪತ್ತು ವರ್ಷ ಜೊತೆಗೆ ನುಡಿಸಿದವನನ್ನು ಹಳೇ ಕೈ ಎಂದು ಕಂಪನಿಯವರು ಬೇಡವೆಂದಿದ್ದರು. ಆರ್ವೆಲ್ಲಾ ತುಟಿ ಬಿಚ್ಚಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಅವಳದೊಂದು ರೆಕಾರ್ಡೂ ಬಂದಿರಲಿಲ್ಲ, ಇದು ಕೈತಪ್ಪಿದರೆ ಇನ್ನು ಯಾರೂ ಕರೆಯುವವರಿರಲಿಲ್ಲ. ಲಿಯಾಂಡರನಿಗೆ ಸುದ್ದಿಯನ್ನೂ ತಾನೇ ಹೇಳಲಿಲ್ಲ, ಕಂಪನಿಯವರಿಂದ ಹೇಳಿಸಿದಳು. ಆ ನಾಚಿಕೆ ಇನ್ನೂ ಒಳಗೆ ಚುಚ್ಚುತ್ತಿತ್ತು.

“ಐದಕ್ಕೆ ಕೋಣೆ ಬಿಡ್ಬೇಕು, ಆರ್ವೆಲ್ಲಾ,” ಕಾರ್ಮೊಡಿಯ ದನಿ ಸ್ಪೀಕರಿನಲ್ಲಿ ಬಂತು. “ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ಹುಡುಗೀನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡ.”

ಸ್ಪೀಕರ್ ಬಂದಾದ ಮೇಲೆ ವೆಂಡೆಲ್ ಮೆಲ್ಲಗೆ ಬೇರೊಂದು ಕಡೆ ಕೈಯಿಟ್ಟ. “ಒಂದ್ಸಲ ಹೀಗೆ ಗುನುಗಿ ನೋಡಿ.”

ಗುನುಗಿದಳು. ‘ಮನೆ’ ಆರಾಮವಾಗಿ ಹೋಗಿ ಕೂತಿತು. “ನೋಡಿದ್ಯಾ? ಇದಪ್ಪಾ ನನ್ನ ಇ-ಫ್ಲಾಟ್.”

“ಇದು ಸಿ, ಮೇಡಂ,” ಎಂದ ವೆಂಡೆಲ್. “ಇ-ಫ್ಲಾಟಿಗಿಂತ ಮೂರು ಮೆಟ್ಟು ಕೆಳಗೆ.”

ಆರ್ವೆಲ್ಲಾ ಅವನ ಮುಖದಲ್ಲಿ ಕುಚೋದ್ಯ ಹುಡುಕಿದಳು. ಇರಲಿಲ್ಲ. ಹೊರಗೆ ಹೋಗಿ ಹಜಾರದ ಗೋಡೆಯ ಫೋನೆತ್ತಿದಳು. ಆ ಕಡೆ ಎಣ್ಣೆ ಚುರುಗುಟ್ಟುವುದು ಕೇಳಿಸಿತು, ಲಿಯಾಂಡರ್ ಮೀನು ಕರಿಯುತ್ತಿದ್ದ.

“ನಾನು ಯಾವ ಶ್ರುತೀಲಿ ಹಾಡ್ತೀನಿ?”

“ಇ-ಫ್ಲಾಟ್. ಇದೇನು ಕೇಳೋ ಮಾತಾ, ವೆಲ್ಲಾ?”

“ನಿಜ ಹೇಳು.”

ಎಣ್ಣೆಯ ಸದ್ದು ನಿಂತಿತು, ಒಲೆ ಆರಿಸಿರಬೇಕು. “ನಿನ್ನ ಗಂಡ ತೀರಿಕೊಂಡ ವರ್ಷ ಒಂದು ಮೆಟ್ಟು ಇಳಿಸ್ದೆ. ನ್ಯುಮೋನಿಯಾ ಆಯ್ತಲ್ಲ, ಆಗ ಇನ್ನೊಂದು. ಮೂರನೇದು ಹೋದ ಚಳಿಗಾಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಹಾಡ್ತಿದ್ಯಾ?”

ಆರ್ವೆಲ್ಲಾಳಿಗೆ ಮೈಯೆಲ್ಲ ಉರಿಯಿತು. ಕ್ಲಬ್ಬಿನ ಡ್ರಮ್ಮಿನವನಿಗೆ ಗೊತ್ತಿತ್ತು, ಬಾಸ್ ವಾದ್ಯದವನಿಗೆ ಗೊತ್ತಿತ್ತು, ಇಷ್ಟು ವರ್ಷ ಗೊತ್ತಿಲ್ಲದವಳು ಅವಳೊಬ್ಬಳೇ. ಫೋನು ಕುಕ್ಕಿಬಿಡಬೇಕೆನಿಸಿತು. ಆದರೆ ತನಗೆ ಒಂದು ಮಾತೂ ಹೇಳದೆ ಕಾಪಾಡಿದವನನ್ನು ತಾನು ಒಂದು ಮಾತೂ ಹೇಳದೆ ಬಿಟ್ಟುಕೊಟ್ಟಿದ್ದು ನೆನಪಾಗಿ ಕೈ ತಡೆಯಿತು.

“ಇಲ್ಲಿಗೆ ಬರ್ತೀಯಾ?”

“ನಾನು ಬೇಡ ಅಂದಿದ್ರಂತಲ್ಲ.”

“ಬೇಡ ಅಂದೋರು ಅವರು. ಸುಮ್ಮನಿದ್ದೋಳು ನಾನು. ಬಾರೋ ಮಾರಾಯ.”

ಬಂದ. ಹ್ಯಾಟಿನ ಸಮೇತ, ಮೀನಿನ ವಾಸನೆ ಸಮೇತ. ಯಾರೂ ಹೇಳದೆಯೇ ವೆಂಡೆಲ್ ಎದ್ದು ಪೀಠ ಬಿಟ್ಟುಕೊಟ್ಟು ಗೋಡೆಗೆ ಒರಗಿದ. ಕಾರ್ಮೊಡಿ ಕೂಗಾಡಲಿಲ್ಲ, ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

“ಇದೇ ಕೊನೇ ಸಲ. ಯಾವ ಶ್ರುತಿ ಅಂತ ಬರ್ಕೊಳ್ಲಿ?” ಎಂದು ಸ್ಪೀಕರಿನಲ್ಲಿ ಕೇಳಿದ.

ಲಿಯಾಂಡರ್ ಆರ್ವೆಲ್ಲಾಳತ್ತ ನೋಡಿದ. ಅವಳು ಮೈಕಿನತ್ತ ನೋಡಿದಳು.

“ಇ-ಫ್ಲಾಟ್,” ಎಂದಳು, ಎಂದಿನಂತೆ.

ಲಿಯಾಂಡರ್ ಮರುಮಾತಾಡದೆ ಸಿ ಹಿಡಿದ. ರೈಲು ತಪ್ಪಿತು, ಹೆಂಗಸು ನಡೆದೇ ಹೊರಟಳು, ಕೊನೆಯ ಸಾಲು ಏರುತ್ತಾ ಹೋಗಿ ‘ಮನೆ’ಯ ಮೇಲೆ ನಿಂತಿತು. ಪಿಯಾನೊ ಮುಗಿದ ಮೇಲೂ ನಿಂತೇ ಇತ್ತು.

“ಅಬ್ಬಾ, ಸಿಕ್ತು,” ಎಂದ ಕಾರ್ಮೊಡಿ. ಶ್ರುತಿಯ ಗಂಧಗಾಳಿ ಅವನಿಗಿರಲಿಲ್ಲ. “ಮತ್ತೆ ಆಗಿಂದ ಏನಾಗಿತ್ತು?”

ಆರ್ವೆಲ್ಲಾ ಎರಡೂ ಕೈಯಿಂದ ಮೈಕಿನ ಕಂಬ ಹಿಡಿದುಕೊಂಡಿದ್ದಳು.

“ನಂದೇ ತಪ್ಪು, ಸರ್,” ಎಂದ ವೆಂಡೆಲ್ ಗೋಡೆಯ ಕಡೆಯಿಂದ. “ಈ ಇ-ಫ್ಲಾಟ್ ನಂಗೆ ಬರ್ತಿರ್ಲಿಲ್ಲ.”